ಹೊರಗೆ ಕೂತ ದನಿ

ನಮ್ಮವ್ವನ ದನಿ ಒಂದು ವರ್ಷ ಮೇಲೂರಿನ ಮನೆಗಳ ಒಳಗಿತ್ತು. ಒಲೆಯ ಪಕ್ಕ, ಹಾಸಿಗೆಯ ಪಕ್ಕ, ಊರ ಯಜಮಾನನ ಮುದಿ ತಾಯಿಯ ಮಡಿಲಲ್ಲಿ. ಅವ್ವ ಮಾತ್ರ ಆ ಮನೆಗಳ ಅಂಗಳ ದಾಟಿದವಳಲ್ಲ.

ನಾವು ಹೊರುವವರು. ಬೆಟ್ಟದ ಅರ್ಧದಲ್ಲಿ ನಮ್ಮವು ಏಳು ಮನೆ. ಕೆಳಗಿನ ಪೇಟೆಯಿಂದ ಮೇಲಿನ ಆರು ಊರುಗಳಿಗೆ ಏನು ಹೋಗಬೇಕಾದರೂ ನಮ್ಮ ಬೆನ್ನ ಮೇಲೆ ಹೋಗಬೇಕು. ಉಪ್ಪು, ಸೀಮೆಎಣ್ಣೆ, ತಗಡು, ಕಬ್ಬಿಣದ ಮಂಚ. ಇಳಿಯುವಾಗ ಮೇಲಿನವರ ಕಾಯಿಲೆಯವರು, ಕೆಲವು ಸಲ ಹೆಣ. ಹೆಣ ಹೊರುತ್ತೇವೆ ಅಂತ ಮೇಲಿನವರು ನಮ್ಮನ್ನು ಒಳಗೆ ಬಿಡುವುದಿಲ್ಲ. ಹೆಣ ಅವರದೇ, ಅದು ಬೇರೆ ಮಾತು. ಬುಟ್ಟಿಯ ಪಟ್ಟಿಯನ್ನು ಹಣೆಗೆ ಕೊಟ್ಟು ಹೊತ್ತು ಹೊತ್ತು ಅವ್ವನ ಹಣೆಯಲ್ಲಿ ಒಂದು ತಗ್ಗು ಬಿದ್ದಿದೆ. ಚಿಕ್ಕವಳಿದ್ದಾಗ ಅದರಲ್ಲಿ ಬೆರಳಿಟ್ಟು ಅಳತೆ ನೋಡುತ್ತಿದ್ದೆ. ಮೇಲಿನವರಿಗೆ ಅವ್ವನ ಹೆಸರು ಬೇಕಿಲ್ಲ. “ಏ ಬುಟ್ಟಿ” ಅಂದರೆ ಸಾಕು, ನಮ್ಮ ಏಳು ಮನೆಯವರಲ್ಲಿ ಯಾರು ಹತ್ತಿರವಿದ್ದಾರೋ ಅವರು ತಿರುಗಿ ನೋಡಬೇಕು.

ಪಾದ್ರಿಗಳು ಮೂವತ್ತು ವರ್ಷದಿಂದ ಈ ಬೆಟ್ಟ ಹತ್ತುತ್ತಿದ್ದಾರೆ. ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಮನಸ್ಸು ಬರಲಿಕ್ಕಿಲ್ಲ. ಬಯಲಿನವರು. ಮೂವತ್ತು ವರ್ಷದಲ್ಲಿ ಅವರಿಗೆ ಬಂದ ಬೆಟ್ಟದ ಮಾತು ಮೂರು: ಬನ್ನಿ, ಕೂತ್ಕೊಳ್ಳಿ, ನೀರು. ಬೆಟ್ಟದ ಮಾತಿಗೆ ಅಕ್ಷರವೂ ಇಲ್ಲ. ಮೇಲಿನವರು ಕೆಳಗಿಳಿಯುವುದಿಲ್ಲ, ಹಾಗಾಗಿ ಬಯಲ ಮಾತು ಅವರಿಗೆ ತಿಳಿಯದು. ಎರಡೂ ಬರುವವರು ಹೊರುವವರು ಮಾತ್ರ. ಹೊರೆ ಇಳಿಸುವುದು ಒಂದು ಕಡೆ, ಏರಿಸುವುದು ಇನ್ನೊಂದು ಕಡೆ. ಎರಡೂ ಕಡೆ ಬೈಗುಳ ಅರ್ಥವಾಗಬೇಕಲ್ಲ.

ಅದಕ್ಕೇ ಅವ್ವ ಬೇಕಾದಳು.

ಕೆಳಗೆ ಮಿಷನ್ನಿನ ಉಗ್ರಾಣದ ಗೋಡೆಗಳಿಗೆಲ್ಲ ಹೊರಗಿನ ಸದ್ದು ಬರದ ಹಾಗೆ ಹಾಸಿಗೆ ಒರಗಿಸಿ, ನಡುವೆ ಒಂದು ಸ್ಟೂಲು ಇಟ್ಟಿದ್ದರು. ಪಾದ್ರಿಗಳು ಬಯಲ ಮಾತಿನಲ್ಲಿ ಸತ್ಯವೇದದ ಒಂದು ಸಾಲು ಓದುವುದು. ಅವ್ವ ಅದನ್ನು ಬೆಟ್ಟದ ಮಾತಿನಲ್ಲಿ ಹೇಳುವುದು. ರೆಕಾರ್ಡಿಂಗ್ ಮೆಷಿನ್ನಿನವನು ಅದನ್ನು ಹಿಡಿದಿಟ್ಟುಕೊಳ್ಳುವುದು. ಬೆಟ್ಟದ ದಾರಿ ಮುಚ್ಚುವ ತಿಂಗಳುಗಳಲ್ಲಿ, ಎರಡು ವರ್ಷ, ಬೆವರುತ್ತ ಆ ಹಾಸಿಗೆಗಳ ನಡುವೆ ಕೂತು ಅವ್ವ ಅರ್ಧ ವೇದ ಹೇಳಿ ಮುಗಿಸಿದಳು. ಅದನ್ನು ಅಂಗೈಯಗಲದ ಡಬ್ಬಿಗಳಲ್ಲಿ ತುಂಬಿದರು. ಬಿಸಿಲಿಗಿಟ್ಟರೆ ಸಾಕು, ಡಬ್ಬಿ ಮಾತಾಡುತ್ತದೆ. ಆರು ಊರಿಗೆ ಅರವತ್ತು ಡಬ್ಬಿ. ಹೊತ್ತು ಹೋಗಿ ಹಂಚಿದವಳೂ ಅವ್ವನೇ. ದನಿ ಯಾರದು ಅಂತ ಪಾದ್ರಿಗಳು ಹೇಳಲಿಲ್ಲ. ಯಾರೂ ಕೇಳಲಿಲ್ಲ.

ನನಗೂ ಒಂದು ಡಬ್ಬಿ ಸಿಕ್ಕಿತು. ನಾನು ಕೆಳಗೆ ಮಿಷನ್ ಹಾಸ್ಟೆಲಿನಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದೆ. ಭಾನುವಾರ ಎಲ್ಲ ಹುಡುಗಿಯರೂ ಫೋನು ಹಿಡಿದು ಮೂಲೆ ಮೂಲೆ ಸೇರುತ್ತಿದ್ದರು. ನಮ್ಮ ಏಳು ಮನೆಗೆ ಫೋನು ಹತ್ತುವುದಿಲ್ಲ. ನಾನು ತಾರಸಿಯ ನೀರಿನ ಟ್ಯಾಂಕಿನ ಹಿಂದೆ ಡಬ್ಬಿ ಇಟ್ಟುಕೊಂಡು ಕೂರುತ್ತಿದ್ದೆ. ಇಂಥವನ ಮಗ ಇಂಥವನು, ಅವನ ಮಗ ಇಂಥವನು ಅಂತ ಬರೀ ಹೆಸರುಗಳೇ ಬರುವ ಒಂದು ಪಾಠವಿದೆ. ಅದನ್ನೇ ಹೆಚ್ಚು ಹಾಕುತ್ತಿದ್ದೆ. ಅವ್ವ ಅದನ್ನು ನನಗೆ ಬೈಯುವ ದನಿಯಲ್ಲೇ ಹೇಳಿದ್ದಾಳೆ. ನಲವತ್ತು ಗಂಡಸರನ್ನು ಸಾಲಾಗಿ ನಿಲ್ಲಿಸಿ ತರಾಟೆಗೆ ತೆಗೆದುಕೊಂಡ ಹಾಗೆ. ನಗುತ್ತಿದ್ದೆ. ಆಮೇಲೆ ಡಬ್ಬಿ ಮುಚ್ಚಿ ಕೆಳಗೆ ಬಂದರೆ ಊಟದ ಮನೆಯಲ್ಲಿ ಯಾರ ಪಕ್ಕ ಕೂರುವುದು ಅಂತ ತಟ್ಟೆ ಹಿಡಿದು ನಿಲ್ಲುತ್ತಿದ್ದೆ.

ಡಬ್ಬಿಯಲ್ಲಿ ಪ್ರತಿ ಪಾಠದ ಕೊನೆಗೂ ಒಂದು ಉಸಿರು ಬರುತ್ತಿತ್ತು. ನೀಳವಾದ, ಶಿಳ್ಳೆಯಂಥ ಉಸಿರು. ಹೊರುವವರು ಕಡಿದಾದ ದಾರಿಯಲ್ಲಿ ಬುಟ್ಟಿಯ ತಳಕ್ಕೆ ಕೋಲು ಆನಿಸಿ ನಿಂತಾಗ ಬಿಡುವ ಉಸಿರು ಅದು. ಕಲಿಸಿ ಬರುವುದಲ್ಲ, ಎದೆ ತಾನೇ ಕಲಿಯುತ್ತದೆ. ಅವ್ವನಿಗೆ ವೇದವೂ ಹೊರೆಯ ಹಾಗೇ ಇತ್ತೋ ಏನೋ, ಪಾಠ ಇಳಿಸಿದಾಗೆಲ್ಲ ಬಿಟ್ಟಿದ್ದಾಳೆ. ಮೆಷಿನ್ನಿನವನು ಅದನ್ನು ತೆಗೆಯಲಿಲ್ಲ. “ಇರ್ಲಿ ಬಿಡಿ, ಪಾಠ ಮುಗೀತು ಅಂತ ಗೊತ್ತಾಗುತ್ತೆ” ಅಂದನಂತೆ.

ಗೊತ್ತಾಯಿತು.

ಯಜಮಾನನ ತಾಯಿ ಜಗುಲಿಯಲ್ಲಿ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವ್ವ ಉಪ್ಪಿನ ಮೂಟೆ ಹೊತ್ತು ಅಂಗಳಕ್ಕೆ ಬಂದಳು. ಕೋಲು ಆನಿಸಿದಳು. ಡಬ್ಬಿಯಲ್ಲಿ ಪಾಠ ಮುಗಿಯಿತು. ಡಬ್ಬಿ ಉಸಿರು ಬಿಟ್ಟಿತು. ಅಂಗಳದಲ್ಲಿ ಅವ್ವನೂ ಬಿಟ್ಟಳು. ಮುದುಕಿ ಡಬ್ಬಿಯನ್ನು ನೋಡಿದಳು, ಅವ್ವನನ್ನು ನೋಡಿದಳು.

“ಏ ಬುಟ್ಟಿ, ಇದರೊಳಗೆ ಇರೋದು ನೀನಾ?”

ಅವ್ವ ಹೌದು ಅಂದಳು. ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲವಂತೆ.

ಒಂದು ವರ್ಷ ಆ ದನಿ ಕೇಳಿ ಕಣ್ಣೊರೆಸಿಕೊಂಡಿದ್ದ ಮುದುಕಿ ಡಬ್ಬಿಯನ್ನು ಕೊಟ್ಟಿಗೆಗೆ ಎಸೆದಳು. ಸಂಜೆಯೊಳಗೆ ಮೇಲೂರಿನ ಎಲ್ಲ ಡಬ್ಬಿಗಳೂ ಅಲ್ಲಿನ ಪ್ರಾರ್ಥನೆ ಮನೆಯ ಮೆಟ್ಟಿಲಿಗೆ ಬಂದವು. ವಾರದೊಳಗೆ ಉಳಿದ ಐದು ಊರಿನವೂ ಬಂದವು.

ಪಾದ್ರಿಗಳು ನನ್ನನ್ನು ಆಫೀಸಿಗೆ ಕರೆಸಿದರು. ಟೇಬಲ್ಲಿನ ಮೇಲಿದ್ದ ಪೇಪರ್‌ವೇಟನ್ನು ತಿರುಗಿಸುತ್ತ ಕೂತಿದ್ದರು.

“ಕೂತ್ಕೊ ಮಗು.”

ಕೂತೆ.

“ಮೇಲೂರಿನೋರು ಪ್ರಾರ್ಥನೆಗೇ ಬರಲ್ಲ ಅಂತಿದ್ದಾರೆ. ಮೂವತ್ತು ವರ್ಷದ ಕೆಲಸ. ಯಜಮಾನನ ಸೊಸೆ ದನಿ ಚೆನ್ನಾಗಿದೆಯಂತೆ, ಅವಳ ಕೈಲಿ ಹೇಳಿಸೋಣ ಅಂತ ಒಪ್ಪಿಸಿದ್ದೀನಿ. ಹಳೇದನ್ನ ಕೇಳ್ಕೊಂಡು ಅವಳು ಹೇಳ್ತಾಳೆ. ಆದ್ರೆ ಉಳಿದ ಅರ್ಧ ಇದೆಯಲ್ಲ, ಅದಕ್ಕೆ ನಿಮ್ಮವ್ವ ಬೇಕು. ನಾನು ಓದ್ತೀನಿ, ನಿಮ್ಮವ್ವ ಬೆಟ್ಟದ ಮಾತಲ್ಲಿ ಹೇಳ್ಲಿ, ಅವಳು ಅದನ್ನೇ ಮೈಕಿಗೆ ಹೇಳ್ತಾಳೆ.”

“ಅವ್ವನ ದನಿ ಬರಲ್ಲ.”

“ಕೆಲಸ ಬರುತ್ತಲ್ಲ ಮಗು. ದೇವರಿಗೆ ಗೊತ್ತಿರುತ್ತೆ.”

ಮೆಷಿನ್ನಿನವನು ಬೇರೆ ಊರಿಗೆ ಹೋಗಿದ್ದ. ಮೆಷಿನ್ ನೋಡಿಕೊಳ್ಳುವ ಕೆಲಸ ನನಗೆ. ಸೊಸೆ ಹೇಳಿದ್ದು ಸರಿಯಾಗಿದೆಯಾ ಅಂತ ಕೇಳಿ ನೋಡುವುದೂ ನನ್ನದೇ, ಎರಡೂ ಮಾತು ನನಗೆ ಬರುತ್ತದಲ್ಲ. ಕೊನೆಗೆ ಪಾದ್ರಿಗಳು ಪೇಪರ್‌ವೇಟು ನಿಲ್ಲಿಸಿದರು.

“ಮುಂದಿನ ವರ್ಷದ ಹಾಸ್ಟೆಲ್ ಲಿಸ್ಟು ಇನ್ನೂ ಆಗಿಲ್ಲ. ನಿಮ್ಮವ್ವನಿಗೆ ನೀನೇ ಹೇಳು. ನಾನು ಹೇಳಿದ್ರೆ ಚೆನ್ನಾಗಿರಲ್ಲ.”

ಎರಡು ದಿನ ಹತ್ತಿದೆವು. ಪಾದ್ರಿಗಳು ಹೇಸರಗತ್ತೆಯ ಮೇಲೆ, ನಾನು ಮೆಷಿನ್ ಎದೆಗಪ್ಪಿಕೊಂಡು ನಡೆದು. ನಮ್ಮ ಏಳು ಮನೆ ಬಂದಾಗ ಅವರು ಮುಂದೆ ಹೋದರು. ಅವ್ವ ಅಂಗಳದಲ್ಲಿ ಬುಟ್ಟಿಯ ತಳ ಹೆಣೆಯುತ್ತಿದ್ದಳು.

“ಬಂದ್ಯಾ? ಸೊರಗಿದ್ದೀಯ. ಅಲ್ಲಿ ಅನ್ನ ಹಾಕ್ತಾರೋ ಬರೀ ತಟ್ಟೆ ತೋರಿಸ್ತಾರೋ?”

ಒಂದೇ ಉಸಿರಿನಲ್ಲಿ ಎಲ್ಲ ಹೇಳಿಬಿಟ್ಟೆ. ಅವ್ವ ಹೆಣಿಗೆಯಿಂದ ತಲೆಯೆತ್ತಲಿಲ್ಲ.

“ನಾನು ಒಲ್ಲೆ ಅಂದ್ರೆ ನಿನ್ನ ಸೀಟು?”

ನಾನು ಬೂಟಿನ ದಾರ ಬಿಚ್ಚತೊಡಗಿದೆ.

“ಎಲ್ಲಿ ಕೂರಬೇಕಂತೆ ನಾನು?”

“ಕಿಟಕಿ ಹೊರಗೆ. ಮೆಟ್ಟಿಲ ಮೇಲೆ.”

ಅವ್ವ ಬಿದಿರಿನ ಸೀಳೊಂದನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಬಿಗಿ ಮಾಡಿದಳು. “ಸಾಲು ಹೇಳ್ತೀನಿ. ಆ ಡಬ್ಬಿಗಳನ್ನ ಕೆಳಗಿಳಿಸೋಕೆ ಮಾತ್ರ ನನ್ನ ಕರೀಬೇಡಿ ಅಂತ ಹೇಳು. ಬೇರೆ ಯಾರನ್ನಾದ್ರೂ ಕರ್ಕೊಳ್ಳಲಿ.”

ನನಗೆ ಜೀವ ಬಂದ ಹಾಗಾಯಿತು. ಒಂದು ವರ್ಷ ಗಟ್ಟಿ ಅಂತ ಮನಸ್ಸು ಲೆಕ್ಕ ಹಾಕಿತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಪ್ರಾರ್ಥನೆ ಮನೆ ಅಂದರೆ ಒಂದೇ ಕೋಣೆ. ಕಲ್ಲಿನ ಗೋಡೆ, ತಗಡಿನ ಸೂರು, ಒಂದು ಬಾಗಿಲು, ಅದರ ಪಕ್ಕ ಒಂದು ಕಿಟಕಿ. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಪಾದ್ರಿಗಳು ಕೂತರು. ಹೊರಗೆ ಅದೇ ಕಿಟಕಿಯ ಕೆಳಗೆ, ಕಲ್ಲಿನ ಮೆಟ್ಟಿಲ ಮೇಲೆ ಅವ್ವ. ಒಳಗೆ ಮೂಲೆಯಲ್ಲಿ ಹಾಸಿಗೆಗಳ ಮಧ್ಯೆ ಯಜಮಾನನ ಸೊಸೆ, ಮುಖ ಗೋಡೆಯ ಕಡೆಗೆ, ಮೈಕು ಬಾಯಿಯ ಹತ್ತಿರ. ಮದುವೆಯಾಗಿ ಬಂದು ವರ್ಷವೂ ಆಗಿರಲಿಲ್ಲ. ನನಗಿಂತ ಚಿಕ್ಕವಳು. ನಾನು ಬಾಗಿಲಲ್ಲಿ. ಕಾಲೇಜಿನವಳು, ಬೂಟು ಹಾಕಿದವಳು ಅಂತ ನನಗೆ ಹೊಸ್ತಿಲವರೆಗೆ ರಿಯಾಯಿತಿ. ಯಜಮಾನ ಬೆಂಚಿನ ಮೇಲೆ ಕಾವಲು ಕೂತಿದ್ದ.

ಪಾದ್ರಿಗಳು ಓದುತ್ತಿದ್ದರು. ಅವ್ವ ಕಿಟಕಿಯ ಕಡೆ ಕತ್ತೆತ್ತಿ ಹೇಳುತ್ತಿದ್ದಳು. ಅವ್ವ ನಿಲ್ಲಿಸಿದ ಮೇಲೆ ನಾನು ಗುಂಡಿ ಒತ್ತುತ್ತಿದ್ದೆ. ಸೊಸೆ ಅದನ್ನೇ ಮೈಕಿಗೆ ಹೇಳುತ್ತಿದ್ದಳು. ಮತ್ತೆ ಗುಂಡಿ. ಅವ್ವನ ದನಿ ಒಂದು ಚೂರೂ ಒಳಗೆ ಬೀಳದ ಹಾಗೆ ನೋಡಿಕೊಳ್ಳಬೇಕು. ಅದಕ್ಕೇ ನನ್ನನ್ನು ಕೂರಿಸಿದ್ದು. ಗುಂಡಿಯ ಮೇಲೆ ಬೆರಳಿಟ್ಟುಕೊಂಡು ನಾನು ಎರಡು ದಿನ ನಮ್ಮವ್ವನನ್ನು ಕತ್ತರಿಸಿ ಕತ್ತರಿಸಿ ತೆಗೆದೆ.

ಹುಡುಗಿಯ ದನಿ ನಿಜಕ್ಕೂ ಚೆನ್ನಾಗಿತ್ತು. ಗಾಜಿನ ಲೋಟಕ್ಕೆ ಚಮಚ ತಾಗಿದ ಹಾಗೆ. ಏನು ಹೇಳುತ್ತಿದ್ದೇನೆ ಅಂತ ಅವಳಿಗೆ ಗಮನವೇ ಇರುತ್ತಿರಲಿಲ್ಲ. ಕಿವಿಗೆ ಬಿದ್ದದ್ದು ಬಾಯಿಂದ ಹೊರಗೆ, ಅಷ್ಟೇ.

ಹೊರಗೆ ಗಾಳಿ ಕೊರೆಯುತ್ತಿತ್ತು. ಮೊದಲ ದಿನ ಅವ್ವ ಕಾಲು ಮಡಚಿ ಕೂತಳು. ಎರಡನೇ ದಿನ ಕಾಲು ಚಾಚಿದಳು, ಸೊಂಟ ಹಿಡಿದಿತ್ತು. ಒಮ್ಮೆ ಕೆಮ್ಮು ಬಂತು.

“ಏ ಬುಟ್ಟಿ, ಕೆಮ್ಮೋದಾದ್ರೆ ಆಚೆ ಹೋಗಿ ಕೆಮ್ಮು” ಅಂದ ಯಜಮಾನ.

ಅವ್ವ ಎದ್ದು ಅಂಗಳದ ತುದಿಗೆ ಹೋದಳು. ಅಲ್ಲಿ ನಿಂತು ಕೆಮ್ಮಿದಳು. ಬಂದು ಕೂತಳು. ಪಾದ್ರಿಗಳು ಪುಟದ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದರು. ಅವಳು ಬಂದ ಕೂಡಲೇ ಬಿಟ್ಟಲ್ಲಿಂದ ಓದಿದರು. ಪಕ್ಕದಲ್ಲೇ ಬಿಸಿನೀರಿನ ಫ್ಲಾಸ್ಕಿತ್ತು.

ಮೂರನೇ ದಿನ ಯಜಮಾನ ಬರಲಿಲ್ಲ. ಅವನ ಹಸು ಕರು ಹಾಕುವುದರಲ್ಲಿತ್ತು. ಆ ದಿನದ ಪಾಠ ಬೆನ್ನು ಬಾಗಿದ ಒಬ್ಬ ಹೆಂಗಸಿನದು. ಹದಿನೆಂಟು ವರ್ಷದಿಂದ ನೆಟ್ಟಗೆ ನಿಲ್ಲಲಾರದವಳು. ಪಾದ್ರಿಗಳು ಓದುತ್ತ ಹೋದರು, ಅವ್ವ ಹೇಳುತ್ತ ಹೋದಳು, ಹುಡುಗಿ ಹೇಳುತ್ತ ಹೋದಳು. ದೇವರ ಮಗ ಆ ಹೆಂಗಸನ್ನು ನೋಡಿ ಹತ್ತಿರ ಕರೆದ ಎನ್ನುವಲ್ಲಿಗೆ ಬಂತು.

ಅವ್ವ ಸುಮ್ಮನಾದಳು. ಪಾದ್ರಿಗಳು ಇನ್ನೊಮ್ಮೆ ಓದಿದರು.

“ಅಯ್ಯನೋರೇ, ಒಂದು ಮಾತು” ಅಂದಳು ಅವ್ವ ಬಯಲ ಮಾತಿನಲ್ಲಿ. “ಆ ಹೆಂಗ್ಸು ಆಗ ಎಲ್ಲಿದ್ಳು?”

“ಪ್ರಾರ್ಥನೆ ಮನೇಲಿ.”

“ಒಳಗಾ?”

“ಒಳಗೇ. ಎಲ್ರ ಮಧ್ಯದಲ್ಲಿ. ಮೇಲೆ ಬಂತಲ್ಲಮ್ಮ, ನೀನೇ ಹೇಳಿದೆ.”

“ಹೌದು ನೋಡಿ. ನಾನೇ ಹೇಳ್ದೆ.”

ಆಮೇಲೆ ಅವ್ವ ಬೆಟ್ಟದ ಮಾತಿನಲ್ಲಿ ಶುರು ಮಾಡಿದಳು. ಅದೇ ವೇದದ ದನಿ, ಅದೇ ನಿಧಾನ.

“ನಾನು ಹೊರಗೆ ಕೂತಿದೀನಿ.”

ನಾನು ಗುಂಡಿ ಒತ್ತಿಬಿಟ್ಟಿದ್ದೆ. ಅಭ್ಯಾಸ. ಹುಡುಗಿಯೂ ಅಭ್ಯಾಸದಿಂದಲೇ ಮೈಕಿಗೆ ಹೇಳಿದಳು, “ನಾನು ಹೊರಗೆ ಕೂತಿದೀನಿ.”

“ಈ ಕಲ್ಲು ತಣ್ಣಗಿದೆ.”

“ಈ ಕಲ್ಲು ತಣ್ಣಗಿದೆ.”

“ಈ ಮನೆಯ ತಗಡನ್ನ ನಾನು ಹೊತ್ತು ತಂದೆ. ಈ ಕಿಟಕಿಯನ್ನ ನಾನು ಹೊತ್ತು ತಂದೆ.”

ಹುಡುಗಿ ಅದನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅವಳ ದನಿ ನಿಧಾನವಾಯಿತು. ಮೂರು ದಿನದಲ್ಲಿ ಮೊದಲ ಬಾರಿಗೆ ತಾನು ಹೇಳಿದ್ದು ಅವಳಿಗೇ ಕೇಳಿಸಿತ್ತು. ಗೋಡೆಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದಳು. ನಾನೂ ನೋಡಿದೆ. ಪಾದ್ರಿಗಳು ತಲೆಯಾಡಿಸುತ್ತ ಮುಂದಿನ ಸಾಲನ್ನು ಬೆರಳಿನಲ್ಲಿ ಹುಡುಕುತ್ತಿದ್ದರು.

ಹೊರಗಿಂದ ಅವ್ವ ಹೇಳಿದಳು, “ಈಗ ಓದ್ತಿರೋರ ಕಾಲು ಮುರಿದಿತ್ತು. ಒಂದೂವರೆ ದಿನ ನನ್ನ ಬೆನ್ನ ಮೇಲೆ ಕೂತು ಬೆಟ್ಟ ಇಳಿದ್ರು. ದಾರಿ ಉದ್ದಕ್ಕೂ ನನ್ನ ಕತ್ತು ತಬ್ಕೊಂಡು ಅತ್ರು. ಅವತ್ತು ಅವರಿಗೆ ನನ್ನ ಮೈ ಆಗ್ತಿತ್ತು. ಇವತ್ತು ನನ್ನ ದನಿ ಆಗಲ್ಲ.”

ಇದು ನನಗೂ ಗೊತ್ತಿರಲಿಲ್ಲ. ಅವ್ವ ಯಾವತ್ತೂ ಹೇಳಿರಲಿಲ್ಲ.

ಹುಡುಗಿ ಹೇಳಬೇಕಾಗಿರಲಿಲ್ಲ. ಈಗ ಅವಳಿಗೆ ಎಲ್ಲ ಅರ್ಥವಾಗಿತ್ತು. ಮೈಕು ಪಕ್ಕಕ್ಕಿಟ್ಟು ಎದ್ದು ಹೋಗಬಹುದಿತ್ತು. ಅವಳು ಮತ್ತೆ ಗೋಡೆಯ ಕಡೆ ತಿರುಗಿದಳು. ಒಂದು ಮಾತೂ ಬಿಡದೆ, ಆ ಗಾಜಿನ ದನಿಯಲ್ಲಿ, ಎಲ್ಲವನ್ನೂ ಹೇಳಿದಳು. ಕಾಲು, ಬೆನ್ನು, ಕತ್ತು, ಮೈ, ದನಿ.

ಪಾದ್ರಿಗಳು ಕನ್ನಡಕ ತೆಗೆದರು. “ಬೆಟ್ಟದ ಮಾತಲ್ಲಿ ತುಂಬಾ ಉದ್ದ ಆಗುತ್ತಪ್ಪ. ಇಲ್ಲಿ ಬರೀ ಎರಡು ಸಾಲಿದೆ.” ನನ್ನ ಕಡೆ ತಿರುಗಿದರು. “ಸರಿಯಾಗಿ ಬಂತಾ ಮಗು?”

ಬಂತು ಅಂದಿದ್ದರೆ ಆಗುತ್ತಿತ್ತು. ಅದು ಮೆಷಿನ್ನಿನಲ್ಲಿ ಉಳಿದು ಯಾವತ್ತೋ ಡಬ್ಬಿ ಸೇರುತ್ತಿತ್ತು. ಅಷ್ಟರಲ್ಲಿ ಲಿಸ್ಟು ಆಗಿ, ನನ್ನ ಹೆಸರು ಬಂದು, ವರ್ಷ ಮುಗಿದಿರುತ್ತಿತ್ತು. ನಾನು ಅಷ್ಟನ್ನೂ ಯೋಚಿಸಿದೆ. ಬೆರಳು ಇನ್ನೂ ಗುಂಡಿಯ ಮೇಲಿತ್ತು.

“ಇಲ್ಲ ಅಯ್ಯನೋರೇ” ಅಂದೆ.

“ಎಲ್ಲಿ ತಪ್ಪಾಯ್ತು?”

“ತಪ್ಪಾಗಿಲ್ಲ. ಅವ್ವ ಹೇಳಿದ್ದನ್ನೇ ಅವಳು ಹೇಳಿದ್ದಾಳೆ. ಅವ್ವ ಹೇಳಿದ್ದು ನಿಮ್ಮ ಪುಸ್ತಕದಲ್ಲಿರೋದಲ್ಲ.”

ಅವರಿಗೆ ಬಯಲ ಮಾತಿನಲ್ಲಿ ಹೇಳತೊಡಗಿದೆ. ಒಂದೊಂದೇ ಸಾಲು, ಅವರು ಓದುತ್ತಿದ್ದ ಹಾಗೇ. ನಾನು ಹೊರಗೆ ಕೂತಿದೀನಿ. ಈ ಕಲ್ಲು ತಣ್ಣಗಿದೆ. ತಗಡು, ಕಿಟಕಿ. ಕಾಲಿನ ವಿಷಯ ಬಂದಾಗಲೂ ನಿಲ್ಲಿಸಲಿಲ್ಲ. ಹೇಳುತ್ತ ಹೇಳುತ್ತ ಹೊಸ್ತಿಲು ದಾಟಿ ಒಳಗೆ ಬಂದುಬಿಟ್ಟಿದ್ದೆ. ಯಾರೂ ತಡೆಯಲಿಲ್ಲ. ಯಜಮಾನ ಹಸುವಿನ ಹತ್ತಿರ ಇದ್ದನಲ್ಲ.

“ಈ ಹುಡುಗಿಗೆ ಅರ್ಥ ಆಗ್ಲಿಲ್ವಾ?” ಅಂತ ಪಾದ್ರಿಗಳು ಸೊಸೆಯ ಕಡೆ ಕೈ ತೋರಿಸಿದರು.

ಅದನ್ನು ಬೆಟ್ಟದ ಮಾತಿನಲ್ಲಿ ಅವಳನ್ನು ಕೇಳಿದೆ. ಹುಡುಗಿ ಎದ್ದು ಮೈಕನ್ನು ನನ್ನ ಕೈಗಿಟ್ಟಳು.

“ಹೇಳಿದ್ದನ್ನ ಹೇಳು ಅಂದ್ರು. ಹೇಳ್ದೆ” ಅಂದಳು. ಅಷ್ಟೇ ಹೇಳಿ ಸೆರಗು ಸರಿ ಮಾಡಿಕೊಂಡು ಹೊರಟಳು. ಮೆಟ್ಟಿಲಲ್ಲಿ ಅವ್ವನನ್ನು ದಾಟಿ ಹೋಗಬೇಕಿತ್ತು. ಒಂದು ಕ್ಷಣ ನಿಂತಳು. ಆಮೇಲೆ ಹೋದಳು.

“ಅದನ್ನ ಅಳಿಸು” ಅಂದರು ಪಾದ್ರಿಗಳು.

“ನಾನು ಅಳಿಸಲ್ಲ.”

“ಮಗು.”

“ನಾನು ಅಳಿಸಲ್ಲ ಅಯ್ಯನೋರೇ. ನೀವೇ ಅಳಿಸ್ಕೊಳ್ಳಿ.” ಮೆಷಿನ್ನನ್ನು ಅವರ ತೊಡೆಯ ಮೇಲೆ ಇಟ್ಟೆ. ಅವರಿಗೆ ಅದನ್ನು ಶುರು ಮಾಡಲೂ ಬರುವುದಿಲ್ಲ.

ಅದನ್ನು ಒಂದು ಸಲ ತಿರುಗಿಸಿ ನೋಡಿ ಅವರು ಮೆತ್ತಗೆ ಹೇಳಿದರು, “ನಿನ್ನ ಟ್ರಂಕು ಕಳಿಸಿಕೊಡ್ತೀನಿ.” ಅದನ್ನು ಹೊತ್ತು ತರಬೇಕಾದವರೂ ನಮ್ಮವರೇ. ಅದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಹೊರಗೆ ಬಂದೆ. ಅವ್ವ ಆಗಲೇ ಎದ್ದು ಖಾಲಿ ಬುಟ್ಟಿ ಹಾಕಿಕೊಂಡು ಅಂಗಳ ದಾಟಿದ್ದಳು. ಓಡಿ ಹೋಗಿ ಸೇರಿಕೊಂಡೆ. ಭುಜ ತಟ್ಟುತ್ತಾಳೆ ಅಂತ ಎಲ್ಲೋ ಒಂದು ಆಸೆ. ಅವ್ವ ತಿರುಗಿ ನಿಂತಳು. ಕಣ್ಣು ಕೆಂಪಗಿತ್ತು.

“ನಿನ್ನ ಯಾರೇ ಬಾಯಿ ಬಿಡು ಅಂದ್ರು?”

“ಅವ್ವ, ನಾನು...”

“ಅವರಿಗೆ ಅರ್ಥ ಆಗ್ದೇ ಇರೋ ಮಾತಲ್ಲಿ ಹೇಳ್ದೆ ನಾನು. ಬೇಕು ಅಂತಾನೇ. ಎದೇಲಿ ಇದ್ದದ್ದು ಹೊರಗೆ ಬರ್ಬೇಕಿತ್ತು, ಬಂತು. ನೀನು ಹೂಂ ಅಂದಿದ್ರೆ ಮುಗೀತಿತ್ತು. ನಿನ್ನ ಓದಿಗೋಸ್ಕರ ಮೂರು ದಿನ ಆ ಕಲ್ಲ ಮೇಲೆ ಕೂತೆ ಕಣೇ. ಮೂರು ದಿನ.”

ಅವ್ವ ಮುಂದೆ, ನಾನು ಹಿಂದೆ. ಖಾಲಿ ಬುಟ್ಟಿಯಾದರೂ ಅವ್ವ ಬಾಗಿಯೇ ನಡೆಯುತ್ತಾಳೆ. ಎಷ್ಟು ಬಾಗಿದ್ದಾಳೆ ಅಂತ ಹಿಂದಿನಿಂದ ನೋಡಿದಾಗಲೇ ಕಂಡದ್ದು. ಅಷ್ಟು ದೊಡ್ಡ ಬೆಟ್ಟದಲ್ಲಿ ನಾವಿಬ್ಬರೇ. ಆ ಇಬ್ಬರ ಮಧ್ಯೆಯೂ ಹತ್ತು ಮಾರು ದೂರ. ನಾನು ಹತ್ತಿರವಾದರೆ ಅವ್ವ ಜೋರಾಗಿ ನಡೆಯುತ್ತಿದ್ದಳು.

ಅರ್ಧ ದಾರಿಯಲ್ಲಿ ಚಿಕ್ಕಮ್ಮ ಎದುರಾದಳು. ದೊಡ್ಡ ಬುಟ್ಟಿ ಹಾಕಿಕೊಂಡು ಹತ್ತುತ್ತಿದ್ದಳು.

“ಅಕ್ಕಾ, ಡಬ್ಬಿ ಇಳಿಸ್ಬೇಕಂತೆ, ಹೇಳಿ ಕಳ್ಸಿದ್ರು. ನೀನು ಒಲ್ಲೆ ಅಂದ್ಯಂತೆ.” ಅವ್ವನ ಮುಖ ನೋಡಿ ನಗು ಬರಿಸಲು ನೋಡಿದಳು. “ನಿಂದೇ ದನಿಯಲ್ವಾ, ಅರವತ್ತು ಡಬ್ಬೀದು. ತೂಕ ಹೆಂಗಿದೆ? ಒಂದೇ ಸಲಕ್ಕೆ ಹೊರಬಹುದಾ?”

“ಹೊರಬಹುದು” ಅಂದಳು ಅವ್ವ. “ಹೋಗು. ಮೋಡ ಕಟ್ತಿದೆ.”

ಚಿಕ್ಕಮ್ಮ ಹೋದಳು. ಅವ್ವ ಅವಳನ್ನು ತಡೆಯಲಿಲ್ಲ, ಬೈಯಲೂ ಇಲ್ಲ. ಚಿಕ್ಕಮ್ಮನಿಗೆ ಮೂರು ಮಕ್ಕಳು.

ಇಳಿಜಾರು ಮುಗಿದು ಬಂಡೆಗಳ ದಾರಿ ಬಂತು. ಅಲ್ಲಿ ಇಬ್ಬರು ಜೊತೆಯಾಗಿ ನಡೆಯುವಷ್ಟು ಜಾಗವಿಲ್ಲ, ಒಬ್ಬರ ಹಿಂದೆ ಒಬ್ಬರೇ ಹೋಗಬೇಕು. ಅವ್ವ ನಿಧಾನ ಮಾಡಿದ್ದು ಗೊತ್ತಾಯಿತು. ನಾನು ಹತ್ತಿರವಾದೆ. ಈ ಸಲ ಅವಳು ಜೋರಾಗಿ ನಡೆಯಲಿಲ್ಲ.

“ಲೇ” ಅಂದಳು, ತಿರುಗದೆ.

“ಏನವ್ವ?”

“ನೀನು ಕಾಲಿನ ವಿಷ್ಯ ಹೇಳಿದಾಗ ಅವರ ಮುಖ ಹೆಂಗಾಯ್ತು?”

ನಾನು ಕಾಲ ಕೆಳಗಿನ ಕಲ್ಲು ನೋಡಿಕೊಂಡು ನಡೆದೆ.

“ಹೇಳೇ. ನಾನು ಹೊರಗಿದ್ದೆ, ನಂಗೆ ಕಾಣ್ಲಿಲ್ಲ.”

“ಮೊದಲು ನಕ್ರು. ನಾನು ತಮಾಷೆ ಮಾಡ್ತಿದೀನಿ ಅಂತ. ಆಮೇಲೆ ನಗು ಅಲ್ಲೇ ನಿಂತೋಯ್ತು, ತೆಗೆಯೋಕೆ ಮರೆತ ಹಾಗೆ. ಆಮೇಲೆ ಅವರ ಕಾಲನ್ನೇ ನೋಡ್ಕೊಂಡ್ರು.”

“ಯಾವ ಕಾಲು?”

“ಎಡಗಾಲು.”

“ಅದೇ ಮುರಿದಿದ್ದು” ಅಂದಳು ಅವ್ವ.

ನಾಲ್ಕು ಹೆಜ್ಜೆ ನಡೆದಳು.

“ಇನ್ನೊಂದ್ಸಲ ಹೇಳು” ಅಂದಳು. “ನಕ್ರು ಅಂದ್ಯಲ್ಲ, ಅಲ್ಲಿಂದ.”